ಬಾಯಿಪಾಠದ ಮಾತು, ಕಿವಿಯಿಲ್ಲದ ವೇದಿಕೆ

‘ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ನಿಷ್ಪಕ್ಷಪಾತ ತೀರ್ಪುಗಾರರೇ, ವಿದ್ಯೆ ಕಲಿಸಿದ ಗುರುಗಳೇ...’ ಶಾಲೆಯ ಭಾಷಣ ಸ್ಪರ್ಧೆಗೆ ಒಮ್ಮೆಯಾದರೂ ಕುಳಿತವರಿಗೆ ಮುಂದಿನ ಸಾಲು ತಾನಾಗಿ ಬಾಯಿಗೆ ಬರುತ್ತದೆ. ಆರನೇ ತರಗತಿಯ ಹುಡುಗಿ ಪರಿಸರ ಸಂರಕ್ಷಣೆಯ ಬಗ್ಗೆ ಒಂದೇ ಉಸಿರಿನಲ್ಲಿ ಹೇಳುತ್ತಾ ಹೋಗುತ್ತಾಳೆ. ಎರಡನೇ ನಿಮಿಷಕ್ಕೆ ಒಂದು ಪದ ಕೈಕೊಡುತ್ತದೆ. ಬೇರೆ ಪದ ಹುಡುಕುವ ಗೋಜಿಗೆ ಅವಳು ಹೋಗುವುದಿಲ್ಲ. ಪ್ಯಾರಾದ ಮೊದಲ ವಾಕ್ಯಕ್ಕೇ ಮರಳಿ, ಅಲ್ಲಿಂದ ಓಡಿಬಂದು ಆ ಹಳ್ಳವನ್ನು ಹಾರುತ್ತಾಳೆ. ಹಿಂದಿನ ಸಾಲಿನಲ್ಲಿ, ಭಾಷಣ ಬರೆದುಕೊಟ್ಟ ಮೇಷ್ಟ್ರ ತುಟಿಗಳೂ ಅಲುಗುತ್ತಿರುತ್ತವೆ.

ಚಪ್ಪಾಳೆ.

ಕರ್ನಾಟಕದ ಶಿಕ್ಷಣ ಇಲಾಖೆ ನಡೆಸುವ ‘ಪ್ರತಿಭಾ ಕಾರಂಜಿ’ಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಮೆಟ್ಟಿಲು ಕಟ್ಟಿ, ಮೈಕ್ ಕಂಡರೆ ನಡುಗುತ್ತಿದ್ದ ಹಳ್ಳಿ ಮಕ್ಕಳನ್ನು ಅದು ವೇದಿಕೆ ಹತ್ತಿಸಿದೆ. ಸಭಾಕಂಪ ಕಳೆಯುವುದು ಸಣ್ಣ ಕೆಲಸವಲ್ಲ. ಆದರೆ ಅಲ್ಲಿ ಕಂಠಪಾಠಕ್ಕೊಂದು, ಭಾಷಣಕ್ಕೊಂದು ಸ್ಪರ್ಧೆಯಿದ್ದರೂ ಎರಡರ ನಡುವಿನ ಗೆರೆ ಅಳಿಸಿಹೋಗಿದೆ. ಉಚ್ಚಾರ, ಹಾವಭಾವ, ಸಮಯಪಾಲನೆಗೆ ಅಂಕ ಸಿಗುತ್ತದೆ. ಎದುರಾಳಿಯ ಮಾತನ್ನು ಕೇಳಿಸಿಕೊಂಡದ್ದಕ್ಕೆ ಸಿಗುವುದು ಅಪರೂಪ. ಚರ್ಚಾಸ್ಪರ್ಧೆಯಲ್ಲೂ ಪರ ವಹಿಸಿದವರು, ವಿರೋಧ ವಹಿಸಿದವರು ತಮ್ಮ ತಮ್ಮ ಪಾಠ ಒಪ್ಪಿಸಿ ಇಳಿಯುತ್ತಾರೆ. ಆಶುಭಾಷಣವೊಂದೇ ಮಗುವನ್ನು ಸ್ವಂತ ಮಾತಿಗೆ ನೂಕುತ್ತದೆ, ಅದಕ್ಕೆ ತರಗತಿಯಲ್ಲಿ ತಯಾರಿ ಮಾತ್ರ ಇಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗಿರುವ 125 ಅಂಕಗಳಲ್ಲಿ 100 ಬರಹಕ್ಕೇ ಮೀಸಲಾಗಿರುವಾಗ ಮಾತಿಗೆ ಪೀರಿಯಡ್ ಎಲ್ಲಿಂದ ಬರಬೇಕು?

ಮಾತನ್ನು ಕಿವಿಯಿಂದ ಶುರುಮಾಡುವ ಶಾಲೆಯೊಂದು ಕರಾವಳಿಯಲ್ಲೇ ಇದೆ: ಯಕ್ಷಗಾನದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಮಾತು ಕಟ್ಟುತ್ತಾರೆ. ‘ವಾಲಿವಧೆ’ಯಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ವಾಲಿ ಇಂದು ಯಾವ ಮಗ್ಗುಲಿನಿಂದ ಕೇಳುತ್ತಾನೋ ರಾಮನಿಗೆ ಮೊದಲೇ ಗೊತ್ತಿರುವುದಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಎದುರು ಕೂರುವವರಿಗೆ ಬಾಯಿಪಾಠ ನೆರವಿಗೆ ಬರುವಂತಿರಲಿಲ್ಲ. ಪುರಾಣದ ಓದು ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಎದುರಿನ ಮಾತಿನ ಎಳೆ ಹಿಡಿಯುವ ಚುರುಕು ಬೇಕಿತ್ತು. ಇಲ್ಲೂ ಕೊರತೆಗಳಿವೆ: ವಾದ ಕೆಲವೊಮ್ಮೆ ವಿತಂಡಕ್ಕೆ ಜಾರುತ್ತದೆ, ಸಂಸ್ಕೃತಭೂಯಿಷ್ಠ ಭಾಷೆ ಎಳೆಯರನ್ನು ದೂರವಿಡುತ್ತದೆ.

ಇನ್ನೊಂದು ಮಾದರಿ ಪಂಚಾಯಿತಿಯಲ್ಲಿದೆ. 2006ರಲ್ಲಿ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿ ವಿಸ್ತರಿಸಿದ ಮಕ್ಕಳ ಗ್ರಾಮ ಸಭೆಯಲ್ಲಿ ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ಹೊತ್ತಿಗೆ ಬಸ್ಸಿಲ್ಲ ಎಂದು ಮಕ್ಕಳೇ ಎದ್ದು ಕೇಳುತ್ತಾರೆ. ‘ಗಣ್ಯರೇ’ ಎಂಬ ಪೀಠಿಕೆ ಅಲ್ಲಿ ಕೆಲಸಕ್ಕೆ ಬಾರದು. ನಲ್ಲಿ ಎಷ್ಟು ದಿನದಿಂದ ಕೆಟ್ಟಿದೆ, ಯಾರಿಗೆ ಹೇಳಿಯಾಗಿದೆ ಎಂಬುದನ್ನು ಮನೆಮಾತಿನಲ್ಲೇ ಸರಿಯಾಗಿ ಹೇಳಿದರೆ ಸಾಕು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಉತ್ತರ ಕೊಡಬೇಕಾಗುತ್ತದೆ. ಎಷ್ಟೋ ಕಡೆ ಈ ಸಭೆಯೂ ಸ್ವಾಗತ, ಹಾರ, ವಂದನಾರ್ಪಣೆಯಲ್ಲೇ ಮುಗಿಯುತ್ತದೆ ಎಂಬುದು ಬೇರೆ ಮಾತು.

ಹೀಗೆ ತೂಗಿ ನೋಡಿದರೆ ಪ್ರತಿಭಾ ಕಾರಂಜಿ ಗಂಟಲನ್ನು ಪಳಗಿಸಿದೆ, ಕಿವಿಯನ್ನು ಮರೆತಿದೆ. ಇದನ್ನು ಸರಿಪಡಿಸಲು ಹೊಸ ಅನುದಾನವೇನೂ ಬೇಡ. ಭಾಷಣ ಮುಗಿದ ಮೇಲೆ ಸಭಿಕ ಮಕ್ಕಳಿಂದ ಎರಡು ಪ್ರಶ್ನೆ ಕೇಳಿಸಿ, ಅರ್ಧದಷ್ಟು ಅಂಕವನ್ನು ಆ ಉತ್ತರಗಳಿಗೆ ಇಡಲಿ. ಮೇಷ್ಟ್ರು ಬರೆದುಕೊಟ್ಟ ಹಾಳೆ ಅಲ್ಲಿಗೆ ಮುಗಿಯುತ್ತದೆ, ಆ ಹುಡುಗಿಯ ಮಾತು ಅಲ್ಲಿಂದ ಶುರುವಾಗುತ್ತದೆ.