ಡೆಫ್‌ಕಾನ್: ಆಡುವವರ ಮನಸ್ಸು

ಆಡು-ಹುಲಿ ಆಟ ಬಲ್ಲ ಕಂಬಂ ಕಣಿವೆಯ ಕನ್ನಡಿಗರಾದ ನಮಗೆ ಡೆಫ್‌ಕಾನ್ ಎಂಬ ಗಣಕದಾಟ ತೀರ ಅಪರಿಚಿತವೆನಿಸದು. ಬ್ರಿಟನ್ನಿನ ಇಂಟ್ರೊವರ್ಷನ್ ಸಂಸ್ಥೆ 2006ರಲ್ಲಿ ಹೊರತಂದ ಈ ಅಣುಯುದ್ಧದ ಆಟದಲ್ಲಿ ರಕ್ತವಿಲ್ಲ, ಮುಖಗಳಿಲ್ಲ. ಕತ್ತಲ ಭೂಪಟ, ಬೆಳಕಿನ ಗೆರೆಗಳು, ಸತ್ತವರ ಸಂಖ್ಯೆ, ಅಷ್ಟೆ.

ಆಟಗಾರರನ್ನು ಸೆಳೆಯುವುದು ಕೊಲ್ಲುವ ಹಂಬಲವೆಂಬುದನ್ನು ನಾವು ಒಪ್ಪೆವು. ಕ್ಷಿಪಣಿ ಹಾರಿಸಿದ ನೆಲೆಯು ತನ್ನ ತಾಣವನ್ನು ತಾನೇ ಬಯಲುಮಾಡುತ್ತದೆ. ಹಾರಿಸುತ್ತಿರುವಾಗ ತನ್ನ ನಗರಗಳನ್ನು ಕಾಯಲಾರದು. ಆದ್ದರಿಂದ ಅವಸರಿಸಿದವನೇ ಸೋಲಬಹುದು. ಮಿತ್ರನು ಎಂದು ತಿರುಗಿಬೀಳುವನೋ ಎಂಬ ಶಂಕೆಯಲ್ಲಿ ಕಾಯುವುದೇ ಇಲ್ಲಿಯ ರುಚಿ. ಹುಲಿಯನ್ನು ಕಟ್ಟಿಹಾಕುವವನಿಗೂ ಈ ತಾಳ್ಮೆ ಗೊತ್ತು. ಆದರೆ ಅಲ್ಲಿ ಆಡುಗಳು ಉಳಿದರೇನೇ ಗೆಲವು. ಇಲ್ಲಿ, ರೂಢಿಯ ಎಣಿಕೆಯಂತೆ, ಹತ್ತು ಲಕ್ಷ ಶತ್ರುಜನರಿಗೆ 2 ಅಂಕ. ತನ್ನವರು ಅಷ್ಟೇ ಮಂದಿ ಸತ್ತರೆ 1 ಅಂಕ ಮಾತ್ರ ನಷ್ಟ. ಈ ಲೆಕ್ಕದ ಕ್ರೌರ್ಯವನ್ನು ಆಟವು ಮರೆಮಾಚಿಲ್ಲ. ಅದನ್ನು ನಾವು ಮೆಚ್ಚುತ್ತೇವೆ.