ಮಾಲೂರಿನ 248 ಮತ

ಕೋಲಾರದ ಜನ ಓಟು ಹಾಕುವುದರಲ್ಲಿ ಹಿಂದೆ ಬಿದ್ದವರಲ್ಲ. 2024ರ ಏಪ್ರಿಲ್ 26ರಂದು ಬೆಂಗಳೂರಿನ ಮೂರು ನಗರ ಕ್ಷೇತ್ರಗಳು ಶೇ 55ನ್ನೂ ಮುಟ್ಟಲಿಲ್ಲ. ಅದೇ ದಿನ ಕೋಲಾರ ಲೋಕಸಭಾ ಕ್ಷೇತ್ರ ಶೇ 78 ದಾಟಿತು. ಬೆಂಗಳೂರಿನಲ್ಲಿ ಗಾರೆ ಕೆಲಸ, ಗಾರ್ಮೆಂಟ್ಸ್ ಕೆಲಸ ಮಾಡುವವರು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನಲ್ಲಿ ನಿಂತುಕೊಂಡೇ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಗೆ ಬಂದು ಓಟು ಹಾಕಿ ಹೋಗುತ್ತಾರೆ. ಇಂಥ ಜನಕ್ಕೆ ಪ್ರತಿ ಚುನಾವಣೆಯಲ್ಲೂ ಜಾಥಾ, ರಂಗೋಲಿ, ಪ್ರತಿಜ್ಞಾವಿಧಿ ಮಾಡಿಸುವುದರಲ್ಲಿ ಏನು ಸಿಕ್ಕೀತು? ನಮ್ಮ ಚುನಾವಣೆ ಸೋಲುತ್ತಿರುವುದು ಮತದಾನದ ದಿನದ ಹಿಂದೆ ಮತ್ತು ಮುಂದೆ: ಪಟ್ಟಿ ಮಾಡುವಾಗ, ಎಣಿಸಿದ ಮೇಲೆ.

ಪಟ್ಟಿಯ ವಿಷಯದಲ್ಲಿ ಕಾನೂನು ಸುಧಾರಿಸಿದೆ ಎಂಬುದನ್ನು ಒಪ್ಪಲೇಬೇಕು. ಮೊದಲು ಜನವರಿ 1ಕ್ಕೆ 18 ತುಂಬದಿದ್ದರೆ ವರ್ಷವಿಡೀ ಕಾಯಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳೂ ಲೆಕ್ಕಕ್ಕೆ ಬಂದಿವೆ. ಹೊಸ ಹೆಸರಿಗೆ ನಮೂನೆ 6, ತೆಗೆಸಲು 7, ಊರು ಬದಲಾದರೆ 8. ಕಾಗದದ ಮೇಲೆ ಎಲ್ಲ ಸಲೀಸು. ಆದರೆ ಪಲಮನೇರಿನಿಂದಲೋ ಪುಂಗನೂರಿನಿಂದಲೋ ಮುಳಬಾಗಿಲಿಗೆ ಸೊಸೆಯಾಗಿ ಬಂದ ಹುಡುಗಿಯ ಹೆಸರು ಆಂಧ್ರದ ಪಟ್ಟಿಯಿಂದ ಇಲ್ಲಿಗೆ ಬರಬೇಕಾದರೆ ಯಾರಾದರೂ ಮುಂದೆ ನಿಂತು ಅರ್ಜಿ ಹಾಕಿಸಬೇಕು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿರುವ ಅಂಗನವಾಡಿ ಕಾರ್ಯಕರ್ತೆಗೋ ಶಾಲಾ ಮೇಷ್ಟರಿಗೋ ಅದು ಹತ್ತು ಕೆಲಸಗಳ ನಡುವೆ ಹನ್ನೊಂದನೆಯದು. ಆ ಜಾಗಕ್ಕೆ ಪಕ್ಷದವರು ಬರುತ್ತಾರೆ.

ಶ್ರೀನಿವಾಸಪುರ ವಿಧಾನಸಭಾ ಕ್ಷೇತ್ರವನ್ನೇ ನೋಡಿ. 1983ರಿಂದ 2023ರವರೆಗೆ ಅಲ್ಲಿ ಗೆದ್ದವರು ಇಬ್ಬರೇ, ರಮೇಶ್ ಕುಮಾರ್ ಮತ್ತು ವೆಂಕಟಶಿವಾರೆಡ್ಡಿ. ಇಷ್ಟು ಹಳೆಯ ಹಣಾಹಣಿ ಇರುವ ಕಡೆ ಪಟ್ಟಿಯ ಒಂದೊಂದು ಹೆಸರನ್ನೂ ಎರಡು ಬಣಗಳ ಕಣ್ಣು ಕಾಯುತ್ತದೆ. ಸುಳ್ಳು ಹೆಸರು ಸೇರದಂತೆ ತಡೆಯಲು ಅದು ಒಳ್ಳೆಯದೇ. ಯಾವ ಬಣಕ್ಕೂ ಸೇರದ ಬಾಡಿಗೆದಾರ, ವಲಸೆ ಕೂಲಿಕಾರರ ಪರ ಕಾಯುವವರು ಮಾತ್ರ ಯಾರೂ ಇಲ್ಲ.

ಮತಗಟ್ಟೆಯ ಒಳಗಿನ ಕೆಲಸದ ಬಗ್ಗೆ ನನಗೆ ಗೌರವವಿದೆ. ಸಂಜೆ ಕೊನೆಯ ಮತದಾರ ಹೊರಟ ಮೇಲೆ ಅಧಿಕಾರಿ ಕಂಟ್ರೋಲ್ ಯೂನಿಟ್ಟಿನ ಕ್ಲೋಸ್ ಗುಂಡಿ ಒತ್ತುತ್ತಾರೆ. ಅದು ತೋರಿಸಿದ ಒಟ್ಟು ಮತವನ್ನು 17ಸಿ ನಮೂನೆಯಲ್ಲಿ ಬರೆದು, ಸಹಿ ಹಾಕಿ, ಏಜೆಂಟರ ಕೈಗೆ ಪ್ರತಿ ಕೊಡುತ್ತಾರೆ. ಆಮೇಲೆ ಮೊಹರು. ಹಳ್ಳಿ ಶಾಲೆಯ ಕೊಠಡಿಯಲ್ಲಿ ಇಷ್ಟು ಕಟ್ಟುನಿಟ್ಟು ಇರುವಾಗ, ಎಣಿಕೆ ಕೇಂದ್ರದ ದಾಖಲೆ ಕೇಳಿದರೆ ಸಿಗುವುದಿಲ್ಲವೆಂದರೆ ಹೇಗೆ?

ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಆದದ್ದು ಅದೇ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರು ಬಿಜೆಪಿಯ ಮಂಜುನಾಥ ಗೌಡರನ್ನು 248 ಮತಗಳಿಂದ ಸೋಲಿಸಿದರು. ಸೋತವರು ಹೈಕೋರ್ಟಿಗೆ ಹೋದರು. ಎಣಿಕೆಯ ವಿಡಿಯೊ ಚಿತ್ರೀಕರಣವನ್ನು ಜಿಲ್ಲಾಡಳಿತ ನ್ಯಾಯಾಲಯದ ಮುಂದೆ ಇಡಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಆಯ್ಕೆಯನ್ನೇ ರದ್ದುಪಡಿಸಿ ಮರು ಎಣಿಕೆಗೆ ಹೇಳಿತು. ಸುಪ್ರೀಂ ಕೋರ್ಟು ರದ್ದತಿಗೆ ತಡೆ ಕೊಟ್ಟು, ಮರು ಎಣಿಕೆ ನಡೆಯಲಿ, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ತನಗೆ ಬರಲಿ ಎಂದಿತು. ಗೆದ್ದವರು ನಿಜಕ್ಕೂ ಗೆದ್ದಿರಬಹುದು. ಆಗಲೂ ಅನ್ಯಾಯವಾದದ್ದು ಅವರಿಗೇ; ಅನುಮಾನ ತೊಳೆಯಬಹುದಾಗಿದ್ದ ದಾಖಲೆ ಎರಡು ವರ್ಷವಾದರೂ ಬೆಳಕಿಗೆ ಬರಲಿಲ್ಲ.

ಮುಳಬಾಗಿಲಿನದು ಇನ್ನೂ ಕೆಟ್ಟ ಕತೆ. ಪರಿಶಿಷ್ಟ ಜಾತಿಗೆ ಮೀಸಲಾದ ಆ ಕ್ಷೇತ್ರದಿಂದ 2013ರಲ್ಲಿ ಪಕ್ಷೇತರರಾಗಿ ಗೆದ್ದ ಕೊತ್ತೂರು ಮಂಜುನಾಥರ ಆಯ್ಕೆಯನ್ನು ಜಾತಿ ಪ್ರಮಾಣಪತ್ರದ ಕಾರಣಕ್ಕೆ ಹೈಕೋರ್ಟು ಅಸಿಂಧುಗೊಳಿಸಿದ್ದು 2018ರಲ್ಲಿ, ಮುಂದಿನ ಚುನಾವಣೆ ಬಾಗಿಲಿಗೆ ಬಂದಾಗ. ಐದು ವರ್ಷದ ಅವಧಿ ಬಹುತೇಕ ಮುಗಿದೇ ಹೋಗಿತ್ತು. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಅದು ಪಾಲನೆಯಾಗಿದ್ದರೆ ಮೀಸಲಾತಿಯ ಹಕ್ಕು ಯಾರದೆಂಬ ಪ್ರಶ್ನೆ 2014ರ ಹೊತ್ತಿಗೇ ತೀರುತ್ತಿತ್ತು.

ಇದೆಲ್ಲ ಏಕೆ ಮುಖ್ಯವೆಂದರೆ, ರಾಷ್ಟ್ರಮಟ್ಟದ ಜನಮತಗಣನೆಗೆ ನಮ್ಮ ಸಂವಿಧಾನದಲ್ಲಿ ಅವಕಾಶವಿಲ್ಲ. 1967ರಲ್ಲಿ ಗೋವಾ, 1975ರಲ್ಲಿ ಸಿಕ್ಕಿಂ ಜನರನ್ನು ಕೇಳಿದ್ದು ಬಿಟ್ಟರೆ, ನಾವು ಮಾತಾಡುವುದು ಐದು ವರ್ಷಕ್ಕೊಮ್ಮೆ ಒತ್ತುವ ಗುಂಡಿಯ ಮೂಲಕವೇ. ಆ ಮಾತಿನ ಲೆಕ್ಕಪತ್ರವನ್ನು ತೆರೆದಿಡುವ ಬದಲು, 2024ರ ಡಿಸೆಂಬರಿನಲ್ಲಿ ನಿಯಮ ತಿದ್ದಿ ಚುನಾವಣೆಯ ವಿಡಿಯೊ ದಾಖಲೆಗಳನ್ನು ಸಾರ್ವಜನಿಕರಿಂದ ದೂರವಿಟ್ಟರು. ತಕರಾರು ಅರ್ಜಿ ಇಲ್ಲದಿದ್ದರೆ 45 ದಿನದ ನಂತರ ಅವನ್ನು ಅಳಿಸಬಹುದು ಎಂದು 2025ರಲ್ಲಿ ಚುನಾವಣಾ ಆಯೋಗ ಸೂಚಿಸಿತು. ಮಾಲೂರಿನಲ್ಲಿ ಅರ್ಜಿ ಇತ್ತು. ವಿಡಿಯೊ ಮಾತ್ರ ಬರಲಿಲ್ಲ. ಏಜೆಂಟರಿಗೆ ಕೊಡುವ 17ಸಿ ಪ್ರತಿಯನ್ನು ಅದೇ ರಾತ್ರಿ ಪ್ರತಿ ಶಾಲೆಯ ಗೋಡೆಗೆ ಅಂಟಿಸಲಿ. ಎಣಿಕೆಯ ಚಿತ್ರೀಕರಣದ ಒಂದು ಪ್ರತಿಯನ್ನು ಫಲಿತಾಂಶದ ದಿನವೇ ಹೈಕೋರ್ಟಿನ ರಿಜಿಸ್ಟ್ರಿಗೆ ಒಪ್ಪಿಸಲಿ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.