ಕೊನೆಯ ಓವರು, ಹಿಂದಿನ ದಾರಿ

ಕಥೆಗೆ ಕೊನೆ ಮುಖ್ಯವೋ ನಡೆ ಮುಖ್ಯವೋ ಎಂಬ ಜಿಜ್ಞಾಸೆ ಸಾಹಿತ್ಯ ವಿಮರ್ಶೆಯಲ್ಲಿ ಹಳೆಯದು. ಅದನ್ನು ಇಲ್ಲಿ ಒಂದು ಆಟದ ಪ್ರಸಂಗಕ್ಕೆ ಅನ್ವಯಿಸಿ ನೋಡಬಯಸುತ್ತೇನೆ. ಸಾಹಿತ್ಯದ ಪುಟದಲ್ಲಿ ಕ್ರಿಕೆಟ್ಟಿಗೇನು ಕೆಲಸವೆಂದು ವಾಚಕರು ಕೇಳಬಹುದು. ಬೇಸಗೆಯ ಎರಡು ತಿಂಗಳು ಕೊಳ್ಳೇಗಾಲದ ರೇಷ್ಮೆ ಅಂಗಡಿಗಳಲ್ಲಿ, ಹನೂರಿನ ಹೋಟೆಲುಗಳಲ್ಲಿ, ಯಳಂದೂರಿನ ಬಸ್ ನಿಲ್ದಾಣದಲ್ಲಿ ಜನ ಒಂದೇ ಕಥೆಯನ್ನು ದಿನವೂ ಹೇಳುತ್ತ ಕೇಳುತ್ತ ಇರುತ್ತಾರೆಂದಮೇಲೆ, ಆ ಕಥೆಯ ಕಟ್ಟು ಹೇಗಿದೆಯೆಂದು ನೋಡುವುದು ವಿಮರ್ಶಕನ ಕೆಲಸಕ್ಕೆ ಹೊರತಾದುದಲ್ಲ. ಷಡಕ್ಷರದೇವನೂ ಸಂಚಿಯ ಹೊನ್ನಮ್ಮನೂ ಬಾಳಿದ ಯಳಂದೂರಿನ ಸೀಮೆ ಇದು. ಕಥೆಯ ಬೆಲೆ ಕಟ್ಟುವುದು ಇಲ್ಲಿಯವರಿಗೆ ಹೊಸತೇನೂ ಅಲ್ಲ.

ನಾನು ಹೇಳಹೊರಟಿರುವುದು ಐ.ಪಿ.ಎಲ್. ಎಂದು ಕರೆಯುವ ಪಂದ್ಯಾವಳಿಯ ಕೊನೆಯ ಘಟ್ಟದ ಮಾತು. ಅದಕ್ಕೆ ಪ್ಲೇಆಫ್ ಎಂಬ ಹೆಸರು ಬಳಕೆಯಲ್ಲಿದೆ. ಇದನ್ನು ಅಳೆಯಲು ನನಗೆ ತೋಚುವ ಅಳತೆಗೋಲು ರನ್ನನ ಗದಾಯುದ್ಧ. ಇಡೀ ಭಾರತದ ಕಡೆಯ ಕಾಳಗವೊಂದನ್ನೇ ರನ್ನ ಆರಿಸಿಕೊಂಡ; ಆದರೆ ಆ ಒಂದು ಕಾಳಗದೊಳಗೆ ಸಿಂಹಾವಲೋಕನ ಕ್ರಮದಿಂದ ಹಿಂದಿನದೆಲ್ಲವನ್ನೂ ತಂದು ನಿಲ್ಲಿಸಿದ. ದುರ್ಯೋಧನ ರಣರಂಗದಲ್ಲಿ ನಡೆಯುತ್ತ ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಶೋಕಿಸುವ ಭಾಗವಿಲ್ಲದಿದ್ದರೆ ತೊಡೆ ಮುರಿಯುವ ಆ ಏಟಿಗೆ ಅಷ್ಟು ಭಾರ ಎಲ್ಲಿಂದ ಬರಬೇಕು? ಕೊನೆ ದೊಡ್ಡದಾಗುವುದು ತನ್ನಿಂದ ತಾನಲ್ಲ, ತನ್ನ ಹಿಂದಿರುವುದರಿಂದ. ಫೈನಲ್ ಪಂದ್ಯಕ್ಕೂ ಈ ಮಾತು ಸಲ್ಲುತ್ತದೆ ಎಂಬುದು ನನ್ನ ಪಕ್ಷ.

ಪ್ಲೇಆಫ್ ಎಂಬ ಪದ್ಧತಿಯಲ್ಲೇ ಒಂದು ತೊಡಕಿದೆ. ಅಮೆರಿಕದ ಬೇಸ್‌ಬಾಲನ್ನು ನೋಡಿ. ಅಲ್ಲಿನ ಮೇಜರ್ ಲೀಗಿನಲ್ಲಿ ಒಂದೊಂದು ತಂಡವೂ ಒಂದು ಋತುವಿಗೆ 162 ಪಂದ್ಯ ಆಡುತ್ತದೆ. ಆಮೇಲೆ ಆಯ್ದ ತಂಡಗಳಿಗೆ ಬೇರೊಂದು ಸ್ಪರ್ಧೆ. 2001ರಲ್ಲಿ ಸಿಯಾಟಲ್ ನಗರದ ಮ್ಯಾರಿನರ್ಸ್ ತಂಡ 116 ಪಂದ್ಯ ಗೆದ್ದಿತು. ಆದರೂ ನ್ಯೂಯಾರ್ಕಿನ ಯಾಂಕೀಸರಿಗೆ ಸೋತು ವರ್ಲ್ಡ್ ಸೀರೀಸ್ ಎಂಬ ಕಡೆಯ ಸುತ್ತನ್ನು ಮುಟ್ಟಲೇ ಇಲ್ಲ. ಆರು ತಿಂಗಳ ದುಡಿಮೆ ಒಂದು ವಾರದಲ್ಲಿ ಕರಗಿಹೋಯಿತು. ಇದನ್ನು ತಿಳಿದೇ ಅವರು ಕಡೆಯ ಸುತ್ತುಗಳನ್ನು ಏಳರಲ್ಲಿ ನಾಲ್ಕು ಗೆದ್ದವರಿಗೆ ಎಂದು ಗೊತ್ತುಮಾಡಿದ್ದಾರೆ. ಒಂದು ಸಂಜೆಯ ಅದೃಷ್ಟ ಎಲ್ಲವನ್ನೂ ನುಂಗದಿರಲೆಂದು.

ನಮ್ಮ ಪಂದ್ಯಾವಳಿಯಲ್ಲಿ ಅಷ್ಟು ಬಿಡುವಿಲ್ಲ. ಮೊದಲ ಮೂರು ವರ್ಷ ಇಲ್ಲಿ ಸೆಮಿಫೈನಲ್‌ಗಳಿದ್ದವು. 2011ರಲ್ಲಿ ಬೇರೊಂದು ಏರ್ಪಾಡು ಬಂದಿತು. ಲೀಗಿನ ಕೊನೆಗೆ ಮೊದಲೆರಡು ಸ್ಥಾನದಲ್ಲಿ ನಿಂತ ತಂಡಗಳು ತಮ್ಮೊಳಗೆ ಆಡುತ್ತವೆ. ಗೆದ್ದವರು ನೇರವಾಗಿ ಫೈನಲಿಗೆ ಹೋಗುತ್ತಾರೆ, ಸೋತವರಿಗೆ ಮತ್ತೊಂದು ಅವಕಾಶ ಉಂಟು. ಮೂರನೆಯ ಹಾಗೂ ನಾಲ್ಕನೆಯ ತಂಡಗಳಿಗೆ ಒಂದು ಸೋಲೇ ಕಡೆಯದು. ಆಸ್ಟ್ರೇಲಿಯದವರು ತಮ್ಮ ಫುಟ್‌ಬಾಲಿನಲ್ಲಿ 1931ರಲ್ಲೇ ಬಳಸಿದ ಕ್ರಮವಿದು. ಕಥನದ ದೃಷ್ಟಿಯಿಂದ ಇದು ಸೆಮಿಫೈನಲಿಗಿಂತ ಮೇಲೆಂದು ನನ್ನ ಅಭಿಪ್ರಾಯ. ಏಕೆಂದರೆ ಹಿಂದಿನ ದುಡಿಮೆಯ ಫಲವನ್ನು ಇದು ಮುಂದಿನ ಘಟ್ಟಕ್ಕೆ ಹೊತ್ತು ತರುತ್ತದೆ. ಹದಿನಾಲ್ಕು ಪಂದ್ಯಗಳ ನೆನಪು ಪ್ಲೇಆಫಿನೊಳಗೆ ಉಳಿದಿರುತ್ತದೆ. ರನ್ನನ ಸಿಂಹಾವಲೋಕನಕ್ಕೆ ಆಟದ ನಿಯಮದಲ್ಲಿ ಸಿಕ್ಕ ಎಡೆ ಇದು. ಹಾಗೆಂದು ಹಿಂದೆ ನಿಂತವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ: 2016ರಲ್ಲಿ ಮೂರನೆಯ ಸ್ಥಾನದಿಂದ ಬಂದ ಹೈದರಾಬಾದಿನ ತಂಡವೇ ಬೆಂಗಳೂರನ್ನು ಬೆಂಗಳೂರಿನಲ್ಲಿಯೇ 8 ರನ್ನಿನಿಂದ ಸೋಲಿಸಿ ಕಪ್ ಒಯ್ದಿತು. ಕೊಹ್ಲಿಯವರು ಒಂದೇ ಋತುವಿನಲ್ಲಿ 973 ರನ್ ಹೊಡೆದ ವರ್ಷವದು.

ಇನ್ನು 2025ರ ಪ್ಲೇಆಫನ್ನು ಈ ಅಳತೆಗೋಲಿನಿಂದ ನೋಡೋಣ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸನ್ನು ಸೋಲಿಸಿ, ಹದಿನೆಂಟನೆಯ ಪ್ರಯತ್ನದಲ್ಲಿ ಮೊದಲ ಬಾರಿಗೆ ಕಪ್ ಗೆದ್ದಿತು. ಎಲ್ಲರಿಗೂ ನೆನಪಿರುವುದು ಆ ರಾತ್ರಿಯ ಕೊನೆಯ ಓವರು ಮಾತ್ರ. ನನ್ನನ್ನು ಕೇಳಿದರೆ ಆ ಕಥೆಯ ಮರ್ಮ ಇರುವುದು ಮೇ 27ರ ಲಖನೌ ಪಂದ್ಯದಲ್ಲಿ. ಅದು ಪ್ಲೇಆಫಿನ ಪಂದ್ಯವೂ ಅಲ್ಲ, ಲೀಗಿನ ಕಡೆಯ ಪಂದ್ಯ. ಎದುರಾಳಿಗಳು 227 ರನ್ ಮಾಡಿದ್ದರು. ಅಲ್ಲಿ ಸೋತಿದ್ದರೆ ಬೆಂಗಳೂರು ಮೊದಲೆರಡು ಸ್ಥಾನದ ಹೊರಗುಳಿದು, ಒಂದೇ ಅವಕಾಶದ ಪಂಗಡಕ್ಕೆ ಸೇರುತ್ತಿತ್ತು. ಜಿತೇಶ್ ಶರ್ಮಾ 33 ಚೆಂಡುಗಳಲ್ಲಿ 85 ರನ್ ಹೊಡೆದು ಔಟಾಗದೆ ಉಳಿದರು. ಎಂಟು ಚೆಂಡು ಬಾಕಿ ಇರುವಾಗಲೇ ಗೆಲುವು ಬಂತು. ಕಪ್ಪಿನ ದಾರಿ ತೆರೆದದ್ದು ಅಲ್ಲಿ.

ಎರಡು ದಿನ ಕಳೆದು ಮುಲ್ಲನ್‌ಪುರದಲ್ಲಿ ನಡೆದ ಮೊದಲ ಕ್ವಾಲಿಫೈಯರ್ ನಾಟಕವಾಗಿ ಬಡಕಲು. ಪಂಜಾಬ್ 101ಕ್ಕೆ ಕುಸಿಯಿತು. ಬೆಂಗಳೂರು ಹತ್ತೇ ಓವರಿನಲ್ಲಿ ಮುಗಿಸಿತು. ಆದರೆ ಸೋತ ಪಂಜಾಬಿಗೆ ಎರಡನೆಯ ಬದುಕು ಉಳಿದಿತ್ತು. ಕಥೆಗೆ ಜೀವ ಬಂದದ್ದು ಅದರಿಂದ. ಜೂನ್ 1ರಂದು ಮುಂಬಯಿಯ 203 ರನ್ನನ್ನು ಬೆನ್ನಟ್ಟಿದ ಶ್ರೇಯಸ್ ಅಯ್ಯರ್ 41 ಚೆಂಡುಗಳಲ್ಲಿ 87 ರನ್ ಹೊಡೆದು ತಮ್ಮ ತಂಡವನ್ನು ಮತ್ತೆ ಬೆಂಗಳೂರಿನ ಮುಂದೆ ತಂದು ನಿಲ್ಲಿಸಿದರು. ನಾಲ್ಕು ಪಂದ್ಯಗಳಲ್ಲಿ ಆಟವಾಗಿ ಇದೇ ಶ್ರೇಷ್ಠವೆಂದು ನನ್ನ ಎಣಿಕೆ.

ಫೈನಲಿನ ವಿಷಯ. ಬೆಂಗಳೂರು 190, ಪಂಜಾಬ್ 184. ಆರು ರನ್ನಿನ ಗೆಲುವು. ಪುಸ್ತಕದಲ್ಲಿ ಓದುವವನಿಗೆ ಕೂದಲೆಳೆಯ ಅಂತರವೆಂದು ತೋರೀತು. ಅದು ಹಾಗಲ್ಲ. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ರನ್ ಬೇಕಿತ್ತು. ಹೇಜಲ್‌ವುಡ್ ಎಸೆದ ಮೊದಲೆರಡು ಚೆಂಡುಗಳಲ್ಲಿ ಒಂದು ರನ್ನೂ ಬರಲಿಲ್ಲ. ಪಂದ್ಯ ಮುಗಿದದ್ದು ಅಲ್ಲಿಗೇ. ಉಳಿದ ನಾಲ್ಕು ಚೆಂಡುಗಳಲ್ಲಿ ಶಶಾಂಕ್ ಸಿಂಗ್ ಮೂರು ಸಿಕ್ಸರ್, ಒಂದು ಬೌಂಡರಿ ಹೊಡೆದದ್ದು ಕಣ್ಣಿಗೆ ಹಬ್ಬ, ಕಥೆಗೆ ಬೇಡದ ಅಲಂಕಾರ. ಅಂತರದ ಅಂಕಿ ಸುಳ್ಳಲ್ಲ, ಆದರೆ ನಿಜವನ್ನೂ ಹೇಳುವುದಿಲ್ಲ. ನಿಜವಾದ ತಿರುವು ನಡುವಿನ ಓವರುಗಳಲ್ಲಿತ್ತು. ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ ಕೇವಲ 17 ರನ್ ಕೊಟ್ಟು ಎರಡು ವಿಕೆಟ್ ಪಡೆದರು. ಚಪ್ಪಾಳೆ ಗಿಟ್ಟಿಸುವ ಕೆಲಸವಲ್ಲ. ಪಂದ್ಯಶ್ರೇಷ್ಠನ ಪುರಸ್ಕಾರ ಅವರಿಗೇ ಸಂದದ್ದು ಮಾತ್ರ ಸಮಾಧಾನದ ಸಂಗತಿ.

ಆ ಆರು ರನ್ನಿಗೆ ಬೇರೊಂದು ಅರ್ಥವೂ ಉಂಟು. 2009ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಇದೇ ತಂಡ ತನ್ನ ಮೊದಲ ಫೈನಲನ್ನು ಸೋತದ್ದೂ ಆರೇ ರನ್ನಿನಿಂದ. ಅಂದು ನಾಯಕರಾಗಿದ್ದ ಅನಿಲ್ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ತೆಗೆದು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. 2011ರಲ್ಲಿ ಚೆನ್ನೈಯಲ್ಲಿ ಸೋಲು. 2016ರ ಸೋಲನ್ನು ಮೇಲೆ ಹೇಳಿದ್ದೇನೆ. ಈ ಮೂರು ಸೋಲುಗಳು ಹಿಂದೆ ನಿಂತಿರದಿದ್ದರೆ 2025ರ ಫೈನಲು ಒಂದು ಸಾಮಾನ್ಯ ಪಂದ್ಯವಾಗಿ ಮರೆತುಹೋಗುತ್ತಿತ್ತು. ಅದು ಗದಾಯುದ್ಧವಾದದ್ದು ಅದರ ಹಿಂದೆ ಒಂದು ಭಾರತವೇ ಇದ್ದದ್ದರಿಂದ.

ಜನರು ಈ ಕಥೆಗೆ ಕೊಟ್ಟ ಪಲ್ಲವಿಯನ್ನೂ ಇಲ್ಲಿ ಪರಿಶೀಲಿಸಬೇಕು. “ಈ ಸಲ ಕಪ್ ನಮ್ದೇ” ಎಂಬುದನ್ನು ಯಾವ ಕವಿಯೂ ಬರೆದದ್ದಲ್ಲ. ಜನಪದದ ಮಾತಿನಂತೆ ಬಾಯಿಂದ ಬಾಯಿಗೆ ಬಂದದ್ದು. “ಈ ಸಲ” ಎಂಬಲ್ಲಿ ಹೋದ ಸಲದ ಸೋಲು ಅಡಗಿದೆ. “ನಮ್ದೇ” ಎಂಬ ಅವಧಾರಣೆಯಲ್ಲಿ ಧೈರ್ಯಕ್ಕಿಂತ ಹಟ ಹೆಚ್ಚು. ಕೈಯಲ್ಲಿ ಇಲ್ಲದ ವಸ್ತುವಿಗೇ ಇಷ್ಟು ಒತ್ತು ಬೇಕಾಗುವುದು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಮಹಿಳಾ ತಂಡ ದೆಹಲಿಯಲ್ಲಿ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ಆ ಮಾತನ್ನು “ನಮ್ದು” ಎಂದು ತಿದ್ದಿದರು. ಒಂದು ಏಕಾರ ಹೋಯಿತು, ಹಂಬಲ ಸಂಗತಿಯಾಯಿತು. ಕನ್ನಡ ಮನೆಮಾತಲ್ಲದವರು ಮಾಡಿದ ಈ ತಿದ್ದುಪಡಿಯನ್ನು ಯಾವ ವೈಯಾಕರಣನೂ ಮೆಚ್ಚಬೇಕು.

“ನಮ್ಮದು” ಎನ್ನುವುದೇ ತಪ್ಪು, ಅಲ್ಲಿ ಕನ್ನಡಿಗರೆಲ್ಲಿ ಎಂದು ಕೆಲವರು ಆಕ್ಷೇಪಿಸುತ್ತಾರೆ. ಫೈನಲಿನ ಹನ್ನೊಂದರಲ್ಲಿ ಇದ್ದ ಕನ್ನಡಿಗರು ಮಯಾಂಕ್ ಅಗರ್ವಾಲ್ ಒಬ್ಬರೇ. ಕರ್ನಾಟಕದ ವೈಶಾಖ್ ವಿಜಯಕುಮಾರ್ ಎದುರು ಪಕ್ಷದಲ್ಲಿ ಬೌಲಿಂಗ್ ಮಾಡಿದರು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು; ಅದೇ ಋತುವಿನಲ್ಲಿ ಪ್ರಸನ್ನರ ತಂಡ ರಣಜಿ ಟ್ರೋಫಿಯನ್ನು ಮೊದಲ ಸಲ ಗೆದ್ದಿತು. ಆ ಗೆಲುವಿಗೆ ನಾಡಿನ ಹೆಸರಿನೊಡನೆ ನೇರ ನಂಟಿತ್ತು. ಅಲ್ಲಿಯೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಫೈನಲು ನಡೆದದ್ದು ಜೈಪುರದಲ್ಲಿ, ರಾಜಸ್ಥಾನದ ಮೇಲೆ. ಅದನ್ನು ನೆನೆಯುವವರು ಕಡಿಮೆ. ಹಿರಿಯರು ಇಂದಿಗೂ ಹೇಳುವುದು ಅದರ ಹಿಂದಿನ ಸೆಮಿಫೈನಲನ್ನು: ಹದಿನೈದು ವರ್ಷ ಸತತವಾಗಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನಲ್ಲಿ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ತಡೆದದ್ದು, ವಿಶ್ವನಾಥರ ಶತಕ, ಪ್ರಸನ್ನರ ಚೆಂಡಿಗೆ ಗವಾಸ್ಕರರು ಬೌಲ್ಡ್ ಆದದ್ದು. ಕಾಲವೆಂಬ ವಿಮರ್ಶಕ ಕಥೆಯ ತಿರುಳನ್ನು ಕೊನೆಯಲ್ಲಿ ಹುಡುಕಲಿಲ್ಲ.

ಕೊನೆ ತಿಳಿಯದಿರುವುದೇ ಆಟದ ಸೊಗಸಲ್ಲವೇ, ಅದನ್ನು ಕಾವ್ಯಕ್ಕೆ ಹೋಲಿಸುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆಟ ನಡೆಯುತ್ತಿರುವಾಗ ಕುತೂಹಲವೇ ದೊಡ್ಡದು, ಒಪ್ಪಿದೆ. ಆದರೆ ಕುತೂಹಲ ಒಂದೇ ಸಲ ಉಣ್ಣುವ ಊಟ. ಮರುದಿನದಿಂದ ಉಳಿಯುವುದು ಕಥೆ. ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದಲ್ಲಿ ಕಂಸಾಳೆಯವರು ಹಾಡುವ ಮಾದಪ್ಪನ ಕಾವ್ಯವನ್ನು ಕೇಳಿದವರಿಗೆ ಇದು ಗೊತ್ತು. ಅದು ಸಾಲು ಸಾಲಾಗಿ ನಡೆಯುತ್ತದೆ. ಸಂಕಮ್ಮನ ಸಾಲು ಕೇಳಲು ಕುಳಿತವರಿಗೆಲ್ಲ ಅವಳಿಗೆ ಮಾದಪ್ಪನ ವರ ಸಿಗುವುದು ಮೊದಲೇ ಗೊತ್ತು; ಆದರೂ ನೀಲಯ್ಯ ಕಾಡಿಗೆ ಹೊರಡುವ ಮುನ್ನ ಅವಳಿಂದ ಭಾಷೆ ಕೇಳುವಲ್ಲಿ ಉಸಿರು ಹಿಡಿಯುತ್ತಾರೆ. ಗೊತ್ತಿರುವ ಕಥೆಗೆ ಜನ ಮತ್ತೆ ಮತ್ತೆ ಏಕೆ ಬರುತ್ತಾರೆಂದು ವಯಸ್ಸಾದ ಹಾಡುಗಾರರೊಬ್ಬರನ್ನು ಒಮ್ಮೆ ಕೇಳಿದ್ದೆ. “ಕೊನ ಕೇಳಕ ಯಾರ್ ಬತ್ತರ ಸಾಮಿ? ಮಾದಪ್ಪ ನಡ್ದ ದಾರಿಯ ಕೇಳಕ ಬತ್ತರ” ಎಂದರು. ನಮ್ಮ ಕೊಳ್ಳೇಗಾಲದ ನೇಯ್ಗೆಯವರ ಲೆಕ್ಕವೂ ಇದೇ. ಗಿರಾಕಿ ಮೊದಲು ನೋಡುವುದು ಸೆರಗನ್ನು. ಆದರೆ ಒಡಲಿಲ್ಲದ ಸೆರಗನ್ನು ಯಾರೂ ಉಡಲಾರರು.

ಸೆರಗನ್ನಷ್ಟೇ ನೋಡುವ ಕಣ್ಣಿನಿಂದ ಆಗುವ ನಷ್ಟ ಬರೀ ರಸಿಕತೆಯ ನಷ್ಟವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2025ರ ಜೂನ್ 4ರಂದು, ಫೈನಲು ಮುಗಿದು ಒಂದು ದಿನವೂ ತುಂಬುವ ಮೊದಲು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವಕ್ಕೆ ಸೇರಿದ ಜನರ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ಎಳೆಯ ವಯಸ್ಸಿನವರು. ಹೊಣೆ ಯಾರದೆಂಬುದನ್ನು ತೀರ್ಮಾನಿಸುವುದು ವಿಚಾರಣೆಯವರ ಕೆಲಸ. ಸಾಹಿತ್ಯದ ಪುಟ ಅದಕ್ಕೆ ಕೈಹಾಕಬಾರದು. ಆದರೆ ನಾವು ಆ ಕಥೆಯನ್ನು ಹೇಗೆ ಹೇಳಿಕೊಂಡೆವೆಂಬುದು ಖಂಡಿತ ನಮ್ಮ ಕೆಲಸ. ಹದಿನೆಂಟು ವರ್ಷ ಕಾದವರಿಗೆ ಇನ್ನೊಂದು ವಾರ ಕಾಯುವುದು ಕಷ್ಟವಾಗಿರಲಿಲ್ಲ. ಕೊನೆಯೊಂದೇ ಕಥೆ, ಆ ಗಳಿಗೆ ತಪ್ಪಿದರೆ ಎಲ್ಲವೂ ತಪ್ಪಿತು ಎಂದು ಅವರಿಗೆ ಹಗಲಿರುಳು ಹೇಳಿದವರು ಬೇರೆ. ಟೆಲಿವಿಷನ್ನಿನ ವ್ಯಾಖ್ಯಾನಕಾರರು ಹೇಳಿದರು, ಜಾಹೀರಾತುಗಳು ಹೇಳಿದವು, ನಮ್ಮ ಪತ್ರಿಕೆಗಳ ತಲೆಬರಹಗಳೂ ಹೇಳಿದವು.

ಕ್ರೀಡೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು, ಮಾತಾಡುವವರು ದಿನದಿನಕ್ಕೆ ಹೆಚ್ಚುತ್ತಿದ್ದಾರೆ, ಸಂತೋಷ. ಅವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಪ್ಲೇಆಫುಗಳ ಕಥೆ ಹೇಳುವಾಗ ಯಾರು ಗೆದ್ದರೆಂದು ಒಂದು ಸಾಲಿನಲ್ಲಿ ಮುಗಿಸಲಿ. ಹೇಗೆ ಬಂದರೆಂಬುದನ್ನು ಬಿಡುವಾಗಿ ಹೇಳಲಿ. ಲಖನೌ ಪಂದ್ಯಕ್ಕೂ ಕೃಣಾಲರ ನಾಲ್ಕು ಓವರುಗಳಿಗೂ ಸೋತ ಶ್ರೇಯಸರ 87ಕ್ಕೂ ಅದರಲ್ಲಿ ಜಾಗವಿರಲಿ. ಹಾಗೆ ಹೇಳಿದ ಕಥೆಯನ್ನು ಹನೂರಿನ ಹುಡುಗ ಮನೆಯಲ್ಲಿ ಕುಳಿತು, ಒಂದು ತಿಂಗಳ ಮೇಲೆ ಕೇಳಿದರೂ ಅವನ ಪಾಲಿನ ಸಂತೋಷ ಅವನಿಗೆ ಸಿಗುತ್ತದೆ.